ಅಪ್ಪನಿಗೆ ಹುಷಾರಿಲ್ಲ, ಹಬ್ಬ ಮಾಡಬಹುದಾ?

ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಟಾಂಗ್ ಕೊಟ್ರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದೆಲ್ಲ ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ಮನೆ ಮಾತು. ಆದ್ರೆ ಶುರು ಮಾಡೋದು ಕ್ರಿಕೆಟ್ ಮೈದಾನದಿಂದ.

2024ರ ಫೆಬ್ರವರಿ 16, ಶುಕ್ರವಾರ. ರಾಜ್‌ಕೋಟ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೂರನೇ ಟೆಸ್ಟ್‌ನ ಎರಡನೇ ದಿನ. ರವಿಚಂದ್ರನ್ ಅಶ್ವಿನ್ ಜ್ಯಾಕ್ ಕ್ರಾಲಿ ವಿಕೆಟ್ ತೆಗೆದ್ರು. ಅದು ಅವರ 500ನೇ ಟೆಸ್ಟ್ ವಿಕೆಟ್. ಭಾರತದಲ್ಲಿ ಅವರಿಗಿಂತ ಮೊದಲು ಆ ಗಡಿ ದಾಟಿದ್ದು ಒಬ್ಬರೇ, ನಮ್ಮ ಅನಿಲ್ ಕುಂಬ್ಳೆ. ಇಬ್ಬರೂ ಇಂಜಿನಿಯರಿಂಗ್ ಓದಿದವರು. ಓದಿದ್ದು ಒಂದು, ಮಾಡಿದ್ದು ಇನ್ನೊಂದು. ಆ ಒಂದು ವಿಷಯದಲ್ಲಿ ಮಾತ್ರ ನಾನೂ ಅವರ ಸಾಲಿಗೆ ಸೇರ್ತೀನಿ ಅಂತ ಆಫೀಸಿನಲ್ಲಿ ಹೇಳ್ಕೊಂಡು ಓಡಾಡಿದ್ದೆ.

ಸಂಭ್ರಮ ಪಡಬೇಕಾದ ಅದೇ ದಿನ ಚೆನ್ನೈನಿಂದ ಸುದ್ದಿ ಬಂತು. ಅಶ್ವಿನ್ ತಾಯಿ ಮನೆಯಲ್ಲಿ ಕುಸಿದು ಬಿದ್ದು ಆಸ್ಪತ್ರೆ ಸೇರಿದ್ದಾರೆ. ನಾಯಕ ರೋಹಿತ್ ಶರ್ಮಾ ಹೊರಡು ಅಂದ್ರು. ರಾಜ್‌ಕೋಟ್‌ನವರೇ ಆದ ಪೂಜಾರ ವಿಮಾನದ ವ್ಯವಸ್ಥೆಗೆ ನಿಂತ್ರು. ಅಶ್ವಿನ್ ರಾತ್ರೋರಾತ್ರಿ ಚೆನ್ನೈಗೆ ಹೋದ್ರು. ಮೂರನೇ ದಿನ ಮೈದಾನದಲ್ಲಿ ಇರಲಿಲ್ಲ. ನಾಲ್ಕನೇ ದಿನ ವಾಪಸ್ ಬಂದ್ರು, ಬೌಲ್ ಮಾಡಿದ್ರು. ಭಾರತ 434 ರನ್‌ಗಳಿಂದ ಗೆದ್ದಿದ್ದೂ ಅವತ್ತೇ.

ಆಮೇಲೆ ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ತಾಯಿಗೆ ಎಚ್ಚರ ಬಂದಾಗ ಮೊದಲು ಕೇಳಿದ್ದು, ಯಾಕೆ ಬಂದೆ ಅಂತ. ಮತ್ತೆ ಎಚ್ಚರವಾದಾಗ ಹೇಳಿದ್ದು, ಟೆಸ್ಟ್ ನಡೀತಿದೆ, ನೀನು ವಾಪಸ್ ಹೋಗೋದು ಒಳ್ಳೇದು ಅಂತ.

ಇದನ್ನ ನಾವು ಸುದ್ದಿಯವರು ಹೇಗೆ ಹೇಳಿದ್ವಿ? 'ದೇಶಕ್ಕಾಗಿ ತಾಯಿಯನ್ನು ಬಿಟ್ಟು ಬಂದ ವೀರ' ಅನ್ನೋ ಥರ. ಹಿನ್ನೆಲೆಗೆ ಒಂದು ಮ್ಯೂಸಿಕ್. ನನಗೆ ಅದರಲ್ಲಿ ಕಾಣಿಸಿದ್ದು ವೀರತ್ವ ಅಲ್ಲ. ಎರಡು ದಿನದಲ್ಲಿ ನಡೆದ ಮೂರು ಕೆಲಸ. ಹೋಗಬೇಕಾದಾಗ ಮಗ ಹೋದ. ಪಕ್ಕದವರು ದಾರಿ ಮಾಡಿಕೊಟ್ರು. ವಾಪಸ್ ಹೋಗಲಿ ಅಂತ ಹೇಳಿದ್ದು ಹಾಸಿಗೆ ಮೇಲಿದ್ದ ತಾಯಿ. ಈ ಮೂರನೇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳದೇ ಇರೋದು ಹಾಸಿಗೆ ಮೇಲಿರೋರನ್ನೇ.

ಈಗ ನಮ್ಮ ನಿಮ್ಮ ಮನೆಗೆ ಬರೋಣ. ನಮಗೆ ಬಾಡಿಗೆ ವಿಮಾನ ಬರಲ್ಲ. ಅದಕ್ಕಿಂತ ದೊಡ್ಡ ವ್ಯತ್ಯಾಸ ಅಂದ್ರೆ ನಮ್ಮ ಮನೆ ಕಾಯಿಲೆಗಳು ಎರಡು ದಿನಕ್ಕೆ ಮುಗಿಯಲ್ಲ. ಹಾರ್ಟ್ ಫೇಲ್ಯೂರ್, ಪಾರ್ಶ್ವವಾಯು, ಪಾರ್ಕಿನ್‌ಸನ್, ಕ್ಯಾನ್ಸರ್, ಕಿಡ್ನಿ. ಇವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯಲ್ಲೇ ಒಂದು ಕೋಣೆ ಮಾಡ್ಕೊಂಡು ಕೂತುಬಿಡುತ್ತವೆ. ಅಷ್ಟು ವರ್ಷ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬ ಬರುತ್ತೆ, ಯುಗಾದಿ ಬರುತ್ತೆ, ತಂಗಿ ಮದುವೆ ಬರುತ್ತೆ, ಗೆಳೆಯರು ಗೋವಾಕ್ಕೆ ಕರೀತಾರೆ, ಐಪಿಎಲ್ ಬರುತ್ತೆ. ಅಪ್ಪನೋ ಅಮ್ಮನೋ ಒಳಗೆ ಮಲಗಿರುವಾಗ ಹೊರಗಿನ ಕೋಣೆಯಲ್ಲಿ ನಗಬಹುದಾ?

ನಾನು ಗೊತ್ತಿಲ್ಲದ ವಿಷಯ ಮಾತಾಡ್ತಿಲ್ಲ. ನಮ್ಮಪ್ಪನಿಗೆ ಡಯಾಲಿಸಿಸ್ ಶುರುವಾಗಿ ನಾಲ್ಕನೇ ವರ್ಷ. ತಿಪಟೂರು ಹತ್ತಿರ ನಮ್ಮ ತೋಟ. ತಿಪಟೂರು ಅಂದ್ರೆ ತೆಂಗು, ತೆಂಗು ಅಂದ್ರೆ ತಿಪಟೂರು. ವಾರದ ಕೊಬ್ಬರಿ ಹರಾಜಿನ ರೇಟು ನೋಡ್ಕೊಂಡೇ ನಾವು ಶಾಲೆ ಫೀಸು ಕಟ್ಟಿದವರು. ಬಂದವರಿಗೆ ಕಾಫಿಗಿಂತ ಮುಂಚೆ ಎಳನೀರು ಕೊಡೋದು ನಮ್ಮಪ್ಪನ ಅಭ್ಯಾಸ. ಅಂಥ ಮನುಷ್ಯನಿಗೆ ಡಾಕ್ಟರು ಮೊದಲ ದಿನವೇ ಹೇಳಿದ್ದು, ಎಳನೀರು ಮುಟ್ಟಬಾರದು.

ಯಾಕೆ ಅಂತ ಹೇಳ್ಬೇಕು, ಎಷ್ಟೋ ಮನೆಯಲ್ಲಿ ಪಾಪ ಸುಸ್ತಾಗಿದ್ದಾರೆ ಅಂತ ಪ್ರೀತಿಯಿಂದ ಎಳನೀರು ಕೊಡ್ತಾರೆ. ಎಳನೀರಿನಲ್ಲಿ ಪೊಟ್ಯಾಷಿಯಂ ಜಾಸ್ತಿ. ಒಳ್ಳೆ ಕಿಡ್ನಿ ಇದ್ದವರಿಗೆ ಅದು ಏನೂ ಮಾಡಲ್ಲ, ಹೆಚ್ಚಾಗಿದ್ದು ಮೂತ್ರದಲ್ಲಿ ಹೋಗುತ್ತೆ. ಕಿಡ್ನಿ ಕೆಟ್ಟವರಲ್ಲಿ ಅದು ರಕ್ತದಲ್ಲೇ ಉಳಿಯುತ್ತೆ. ಮಿತಿ ಮೀರಿದ್ರೆ ಹೃದಯದ ಬಡಿತವೇ ತಪ್ಪುತ್ತೆ, ನಿಂತೂ ಹೋಗಬಹುದು. ಬಾಳೆಹಣ್ಣು, ಕಿತ್ತಳೆ ಹಣ್ಣಿನ ರಸ, ಬೆಲ್ಲ ಇವೂ ಅದೇ ಪಟ್ಟಿಯಲ್ಲಿವೆ. ಬಿಪಿಗೆ ಒಳ್ಳೇದು ಅಂತ ಅಂಗಡಿಯಲ್ಲಿ ಸಿಗೋ ಕಮ್ಮಿ ಸೋಡಿಯಂ ಉಪ್ಪು ಇದೆಯಲ್ಲ, ಅದರಲ್ಲಿ ಸೋಡಿಯಂ ಬದಲು ಹಾಕೋದು ಪೊಟ್ಯಾಷಿಯಮ್ಮೇ. ಡಯಾಲಿಸಿಸ್ ಇರೋ ಮನೆಯಲ್ಲಿ ಅದು ಇರಬಾರದು.

ಇನ್ನು ಲೆಕ್ಕ. ಇಂಜಿನಿಯರಿಂಗ್ ನನಗೆ ಉಪಯೋಗಕ್ಕೆ ಬಂದಿದ್ದು ಇಲ್ಲೇ. ವಾರಕ್ಕೆ 168 ಗಂಟೆ. ಕಿಡ್ನಿ ಅಷ್ಟೂ ಗಂಟೆ ಕೆಲಸ ಮಾಡುತ್ತೆ, ಭಾನುವಾರವೂ ರಜೆ ಇಲ್ಲ. ಡಯಾಲಿಸಿಸ್ ಮೆಷಿನ್ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಒಟ್ಟು 12 ಗಂಟೆ. ಅಂದ್ರೆ ಶೇಕಡಾ 7ರಷ್ಟು ಸಮಯದಲ್ಲಿ ಪೂರ್ತಿ ಕೆಲಸ ಮಾಡಿ ಅಂತ ಮೆಷಿನ್‌ಗೆ ಹೇಳ್ತಿದ್ದೀವಿ. ಉಳಿದ 156 ಗಂಟೆ ಕುಡಿದ ನೀರು ಮೈಯಲ್ಲೇ ಇರುತ್ತೆ. ಅದಕ್ಕೇ ದಿನಕ್ಕೆ ಇಷ್ಟೇ ನೀರು ಅಂತ ಅಳತೆ. ಆ ಅಳತೆಯಲ್ಲಿ ಕಾಫಿ, ಮಜ್ಜಿಗೆ, ಸಾರು, ಪಾಯಸ ಎಲ್ಲವೂ ಸೇರುತ್ತೆ.

ಹಬ್ಬಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ನಮ್ಮ ಅರ್ಧ ಹಬ್ಬ ಇರೋದೇ ಎಲೆ ಮೇಲೆ.

ಡಯಾಲಿಸಿಸ್ ಶುರುವಾದ ಮೊದಲ ಯುಗಾದಿ. ನಮ್ಮ ದೊಡ್ಡಪ್ಪ ಬಂದು ತೀರ್ಪು ಕೊಟ್ರು: "ಈ ವರ್ಷ ಹಬ್ಬ ಬ್ಯಾಡ. ಅವನು ಹಿಂಗಿರುವಾಗ ತೋರಣ ಕಟ್ಕೊಂಡು ಒಬ್ಬಟ್ಟು ತಿಂತಾ ಕೂತ್ರೆ ಜನ ಉಗೀತಾರೆ." ಅಮ್ಮ ಸುಮ್ಮನಾದ್ರು. ನನ್ನ ತಮ್ಮ ಹೂಂ ಅಂದ. ಅಪ್ಪ ಒಳಗಿಂದ ಗೋಡೆ ಹಿಡ್ಕೊಂಡು ಎದ್ದು ಬಂದ್ರು. "ಅಣ್ಣಾ, ಹಬ್ಬ ನಿಲ್ಸೋಕೆ ನಾನೇನು ಸತ್ತಿದೀನಾ? ವರ್ಷದ ಸೂತಕ ಆಮೇಲೆ ಆಚರಿಸ್ಕೊಳ್ರಂತೆ. ನಾನಿನ್ನೂ ಇದೀನಿ." ಆಮೇಲೆ ತಮ್ಮನ ಕಡೆ ತಿರುಗಿ, "ಏ, ಮಾವಿನ ಸೊಪ್ಪು ಕಿತ್ಕೊಂಬಾ ಹೋಗ್ಲಾ" ಅಂದ್ರು.

ದೊಡ್ಡಪ್ಪ ಕೆಟ್ಟವರಲ್ಲ. ತಮ್ಮನ ಮೇಲಿನ ಪ್ರೀತಿಗೇ ಹಾಗೆ ಅಂದಿದ್ದು. ಆದ್ರೆ ಅಪ್ಪ ಹೇಳಿದ ಮಾತು ನೋಡಿ. ಸಾವಿನ ಮನೆಗೆ ನಮ್ಮಲ್ಲಿ ಒಂದು ಕ್ರಮ ಇದೆ. ಹಬ್ಬ ಇಲ್ಲ, ತೋರಣ ಇಲ್ಲ, ವರ್ಷ ಕಳೀಬೇಕು. ಕಾಯಿಲೆ ಮನೆಗೆ ಅಂಥ ಕ್ರಮ ಯಾವ ಹಿರಿಯರೂ ಹಾಕಿಕೊಟ್ಟಿದ್ದು ನಾನು ಕೇಳಿಲ್ಲ. ಸಾವಿನ ಮನೆಯ ನಿಯಮ ತಂದು ಬದುಕಿರೋ ಮನುಷ್ಯನ ಮುಂದೆ ಇಟ್ಟರೆ, ಅವನಿಗೆ ಏನು ಹೇಳಿದ ಹಾಗಾಯ್ತು?

ಇದರ ಉಲ್ಟಾ ಕೂಡ ಇದೆ, ಅದು ಇನ್ನೂ ವಿಚಿತ್ರ. ಅಪ್ಪನಿಗೆ ಸೀರಿಯಸ್ ಅಂತ ಗೊತ್ತಾದ ತಕ್ಷಣ ಮಗಳ ಮದುವೆ ತಿಂಗಳೊಳಗೆ ಮುಗಿಸೋದು. 'ಕಣ್ಣು ಮುಚ್ಚೋದ್ರೊಳಗೆ ಧಾರೆ ಎರೀಲಿ.' ತೀರಿಕೊಂಡರೆ ವರ್ಷದೊಳಗೆ ಮಾಡ್ಬೇಕು, ಇಲ್ಲಾಂದ್ರೆ ಕಾಯಬೇಕು ಅನ್ನೋ ಲೆಕ್ಕ ಬೇರೆ. ಹುಡುಗ ಹುಡುಗಿ ಒಪ್ಪಿ, ಅಪ್ಪನೂ ಆಸೆಪಟ್ಟು ದಿನ ಹಿಂದಕ್ಕೆ ತಂದುಕೊಂಡರೆ ಒಳ್ಳೇದು. ಆದ್ರೆ ಕೀಮೋ ಮುಗಿಸಿ ಬಂದ ಮನುಷ್ಯನನ್ನ ಪೇಟ ಕಟ್ಟಿ ವೇದಿಕೆ ಮೇಲೆ ನಾಲ್ಕು ಗಂಟೆ ನಿಲ್ಲಿಸಿ, ಎಂಟುನೂರು ಜನ ಬಂದು ಕೈ ಕುಲುಕಿ, 'ಏನ್ ಸಣ್ಣಗಾಗಿಬಿಟ್ರಿ' ಅಂತ ಹೇಳಿ ಫೋಟೋ ತೆಗೆಸ್ಕೊಂಡು ಹೋಗೋದಿದೆಯಲ್ಲ, ಅದನ್ನ ನೋಡಿದ್ದೀನಿ. ಅದು ಯಾರ ಸಂತೋಷಕ್ಕೆ? ಅವರಿಗೆ ಒಳಗೆ ಒಂದು ರೂಮು, ಒಂದು ಮಂಚ ಇರಲಿ. ಧಾರೆಗೆ ಬಂದು ಮಲಗೋಕೆ ಹೋಗಲಿ. ಆರತಕ್ಷತೆಗೆ ಅಪ್ಪ ಇಲ್ಲ ಅಂದ್ರೆ ಆಕಾಶ ಬೀಳಲ್ಲ.

ಯುಗಾದಿ ಕಥೆ ಮುಗಿಸ್ತೀನಿ. ಹಬ್ಬ ಮಾಡಿದ್ವಿ. ಅಮ್ಮ ಡಯಟೀಷಿಯನ್ ಹತ್ರ ಮೊದಲೇ ಹೋಗಿ ಒಂದೊಂದೇ ಅಡುಗೆ ಹೆಸರು ಹೇಳಿ ಕೇಳಿಕೊಂಡು ಬಂದಿದ್ರು. ತರಕಾರಿ ಹೆಚ್ಚಿ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದ್ರೆ ಪೊಟ್ಯಾಷಿಯಂ ಸ್ವಲ್ಪ ಕಮ್ಮಿಯಾಗುತ್ತೆ. ಬೇಳೆಗೂ ಅದೇ. ಹಾಗಾದ್ರೆ ಬೇಳೆ ಬಸಿದ ಕಟ್ಟು ಎಲ್ಲಿಗೆ ಹೋಗುತ್ತೆ? ಒಬ್ಬಟ್ಟಿನ ಸಾರಿಗೆ! ನಮ್ಮಪ್ಪನಿಗೆ ಒಬ್ಬಟ್ಟಿಗಿಂತ ಒಬ್ಬಟ್ಟಿನ ಸಾರು ಇಷ್ಟ. ಹಬ್ಬ ಮುಗಿದ ಮೇಲೆ ಮೂರು ದಿನ ಕುದಿಸಿ ಕುದಿಸಿ ತಿನ್ನೋ ಗಿರಾಕಿ. ಸಿಕ್ಕಿದ್ದು ಒಂದು ಸಣ್ಣ ಒಬ್ಬಟ್ಟು, ಅವರ ಪಾಲಿಗೆ ಬೆಲ್ಲದ ಬದಲು ಸಕ್ಕರೆ ಹಾಕಿದ್ದು. ಅವರಿಗೆ ಶುಗರ್ ಇಲ್ಲ, ಕಿಡ್ನಿ ಹೋಗಿದ್ದು ಬಿಪಿಯಿಂದ, ಅದಕ್ಕೇ ಅಷ್ಟು ಅವಕಾಶ. ಶುಗರ್ ಇರೋ ಮನೆಯವರು ಇದನ್ನ ನೋಡಿ ಮಾಡ್ಬೇಡಿ, ನಿಮ್ಮ ಡಾಕ್ಟರನ್ನ ಕೇಳಿ. ಸಾರಿನ ವಾಸನೆಗೆ ಅಪ್ಪ ಮೂರು ಸಲ ಅಡುಗೆಮನೆ ಕಡೆ ನೋಡಿದ್ರು. ಅದನ್ನ ನೋಡ್ತಾ ಊಟ ಮಾಡೋದು ನಮಗೆ ಸುಲಭ ಆಗ್ಲಿಲ್ಲ ಅಂತ ಹೇಳಲೇಬೇಕು.

ಊಟ ಆದ್ಮೇಲೆ ಇಸ್ಪೀಟು. ಹಳೇ ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಯುಗಾದಿ ಅಂದ್ರೆ ಬೇವು ಬೆಲ್ಲ ಎಷ್ಟೋ ಇಸ್ಪೀಟೂ ಅಷ್ಟೇ. ಅಪ್ಪ ದಿಂಬಿಗೆ ಒರಗಿಕೊಂಡು ಕೂತು ರಮ್ಮಿ ಆಡಿದ್ರು. ನನ್ನಿಂದ ನಾನೂರು, ದೊಡ್ಡಪ್ಪನಿಂದ ಇನ್ನೂರೈವತ್ತು ರೂಪಾಯಿ ಗೆದ್ದರು. ಇಸ್ಪೀಟಿನಲ್ಲಿ ಪೊಟ್ಯಾಷಿಯಂ ಇಲ್ಲ. ಹಬ್ಬ ಎಲೆಯಿಂದ ಎದ್ದು ಬೇರೆ ಕಡೆ ಹೋಗಬೇಕಾಗುತ್ತೆ, ಅಷ್ಟೇ. ಆಟಕ್ಕೆ, ಹಾಡಿಗೆ, ಹೊಸ ಬಟ್ಟೆಗೆ, ತೋಟದಲ್ಲಿ ಒಂದು ಸುತ್ತಿಗೆ.

ಒಂದು ಮಾತ್ರ ಹಬ್ಬಕ್ಕಾಗಿ ಮುಂದಕ್ಕೆ ಹಾಕಬಾರದು, ಡಯಾಲಿಸಿಸ್. 'ನಾಳೆ ಹಬ್ಬ ಅಲ್ವಾ, ಸೋಮವಾರ ಮಾಡಿಸೋಣ' ಅನ್ನೋರು ಇದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ ಮಾಡಿಸ್ಕೊಳ್ಳೋರಿಗೆ ಶುಕ್ರವಾರದಿಂದ ಸೋಮವಾರದ ಗ್ಯಾಪ್ ಇದೆಯಲ್ಲ, ವಾರದಲ್ಲಿ ಅಪಾಯ ಜಾಸ್ತಿ ಇರೋದೇ ಆ ದೊಡ್ಡ ಗ್ಯಾಪಿನಲ್ಲಿ. ಹಬ್ಬ ಅಂತ ಶುಕ್ರವಾರ ತಪ್ಪಿಸಿದ್ರೆ ಬುಧವಾರ ಬಿಟ್ಟರೆ ಸೋಮವಾರ. ಐದು ದಿನ. ಅದೂ ಪಾಯಸ ಕುಡಿದ ಐದು ದಿನ. ಸೆಂಟರ್‌ನವರಿಗೆ ಎರಡು ವಾರ ಮೊದಲೇ ಹೇಳಿದ್ರೆ ದಿನ ಹಿಂದಕ್ಕೋ, ಬೆಳಗಿನ ಶಿಫ್ಟಿಗೋ ಹೊಂದಿಸೋಕೆ ನೋಡ್ತಾರೆ. ದೂರದ ಮದುವೆ ಇದ್ರೆ ಆ ಊರಿನ ಸೆಂಟರ್‌ನಲ್ಲೇ ಒಂದು ಸಲದ ಮಟ್ಟಿಗೆ ಮಾಡಿಸಬಹುದು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಇತ್ತೀಚಿನ ರಿಪೋರ್ಟು, ನೀರು ತೆಗೆದ ಮೇಲೆ ಇರಬೇಕಾದ ತೂಕ, ಹಿಂದಿನ ಡಯಾಲಿಸಿಸ್‌ನ ವಿವರ ಕೇಳ್ತಾರೆ. ಫೈಲ್ ರೆಡಿ ಇರಲಿ. 2016ರ ಕೇಂದ್ರ ಬಜೆಟ್‌ನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆ ಆಯ್ತು. ಇವತ್ತು ನಮ್ಮ ತಾಲೂಕು ಆಸ್ಪತ್ರೆಗಳಲ್ಲೂ ಮೆಷಿನ್‌ಗಳಿವೆ. ಮೊದಲಿನ ಹಾಗೆ ಒಂದೊಂದು ಸಲಕ್ಕೂ ಬೆಂಗಳೂರಿಗೆ ಓಡಬೇಕಾಗಿಲ್ಲ ಅನ್ನೋದೇ ಎಷ್ಟೋ ಮನೆಗಳಿಗೆ ಹಬ್ಬ.

ಇನ್ನೊಂದು, ಕೈ. ಡಯಾಲಿಸಿಸ್‌ಗೆ ಅಂತ ತೋಳಿನಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿರ್ತಾರೆ. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಇಂಜೆಕ್ಷನ್ ಚುಚ್ಚಬಾರದು, ಬಿಗಿಯಾದ ಬಳೆ, ವಾಚು, ಕಂಕಣದ ದಾರ ಯಾವುದೂ ಬೇಡ. ಪೂಜೆ ಮಾಡಿಸೋ ಪುರೋಹಿತರಿಗೆ ಮೊದಲೇ ಹೇಳಿಬಿಡಿ. ಆ ಜಾಗದಲ್ಲಿ ಕಿವಿ ಇಟ್ಟರೆ ರಕ್ತ ಹರಿಯೋ ಝುಮ್ ಅನ್ನೋ ಸದ್ದು ಕೇಳುತ್ತೆ. ನನ್ನ ತಮ್ಮನ ಮಗಳಿಗೆ ಅದೇ ಆಟ. "ತಾತನ ಕೈಯಲ್ಲಿ ಜೇನುಹುಳ ಇದೆ" ಅಂತ ಬಂದವರಿಗೆಲ್ಲ ತೋರಿಸ್ತಾಳೆ.

ಅವಳ ಹುಟ್ಟುಹಬ್ಬಕ್ಕೆ ಕೇಕ್ ಕಟ್ ಮಾಡಿದ ಫೋಟೋ ತಮ್ಮ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದ. ಸಂಬಂಧಿಕರೊಬ್ಬರು ಇನ್ನೊಬ್ಬರ ಹತ್ರ ಅಂದ್ರಂತೆ, "ಅಪ್ಪ ಮೆಷಿನ್ ಮೇಲೆ, ಮಕ್ಕಳು ಕೇಕ್ ಮೇಲೆ." ಮಾತು ಸುತ್ತಿ ಸುತ್ತಿ ನನ್ನ ತನಕ ಬಂತು. ನಮ್ಮ ಚಾನೆಲ್‌ನಲ್ಲಿ ಕೆಲಸ ಮಾಡಬೇಕಿದ್ದ ಮನುಷ್ಯ, ಒಳ್ಳೆ ಹೆಡ್‌ಲೈನ್. ಅವರಿಗೆ ಗೊತ್ತಿಲ್ಲದೇ ಇದ್ದಿದ್ದು ಒಂದೇ, ಆ ಫೋಟೋದಲ್ಲಿ ಅಪ್ಪ ಯಾಕಿಲ್ಲ ಅಂದ್ರೆ ಫೋಟೋ ತೆಗೆದಿದ್ದೇ ಅಪ್ಪ. ಸ್ಟೇಟಸ್ ನೋಡಿ ಮನೆಯ ದುಃಖ ತೂಗೋರು ಎಲ್ಲಾ ಊರಲ್ಲೂ ಇದ್ದಾರೆ. ಅವರಲ್ಲಿ ಎಷ್ಟು ಜನ ಒಂದು ದಿನ ಆ ನಾಲ್ಕು ಗಂಟೆ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದಾರೆ? ಹೇಳೋಕೆ ಬರೋರಿಗೆ ಒಂದು ಬುಧವಾರ ಕೊಡಿ. ನಾನು ಕೊಟ್ಟು ನೋಡಿದ್ದೀನಿ, ಬಹಳ ಜನಕ್ಕೆ ಬುಧವಾರವೇ ಬೇರೆ ಕೆಲಸ ಇರುತ್ತೆ.

ಈಗ ಒಂದು ಕಹಿ ವಿಷಯ. ಅಪ್ಪ ಅಮ್ಮನ ಕಾಯಿಲೆ ಬಂದಾಗ ಮನೆಯಲ್ಲಿ ಎಲ್ಲರ ಸಂತೋಷವೂ ಒಂದೇ ಸಮ ಕಮ್ಮಿ ಆಗಲ್ಲ. ಗಂಡುಮಕ್ಕಳು 'ಮೈಂಡ್ ಫ್ರೆಶ್ ಆಗಬೇಕು' ಅಂತ ಮ್ಯಾಚಿಗೆ ಹೋಗ್ತಾರೆ. ಮೊದಲು ರದ್ದಾಗೋದು ಸೊಸೆಯ ತವರುಮನೆ. ಮಗಳಿದ್ರೆ ಮಗಳ ಕೆಲಸ. ನನ್ನ ತಮ್ಮನ ಹೆಂಡತಿ ಎರಡು ವರ್ಷ ತನ್ನ ಊರ ಜಾತ್ರೆಗೆ ಹೋಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ನೆನಪಿರಲಿ. ಮಾವನ ನೀರಿನ ಅಳತೆ, ಊಟದ ಜೊತೆ ಕೊಡೋ ಮಾತ್ರೆ, ಸೋಮ ಬುಧ ಶುಕ್ರ ಬೆಳಗ್ಗೆ ಐದೂವರೆಗೆ ತಿಂಡಿ ಎಲ್ಲ ಅವಳ ತಲೆಯಲ್ಲಿತ್ತು. ಬೇರೆ ಯಾರ ತಲೆಯಲ್ಲೂ ಇರಲಿಲ್ಲ. ಬೇಡ ಅನ್ನೋ ಅಗತ್ಯವೇ ಬೀಳಲಿಲ್ಲ. ಇದನ್ನ ಎತ್ತಿದ್ದು ನಾವು ಯಾರೂ ಅಲ್ಲ, ಅಪ್ಪ. "ಆ ಹುಡುಗಿ ಜಾತ್ರೆಗೆ ಹೋಗ್ಲಿ, ಇಲ್ಲಾಂದ್ರೆ ನಾನು ಆಸ್ಪತ್ರೆಗೆ ಬರಲ್ಲ" ಅಂತ ಮುಷ್ಕರ ಹೂಡಿದ್ರು. ಅವಳು ಒಂದು ಹಾಳೆ ಮೇಲೆ ಎಲ್ಲ ಬರೆದಿಟ್ಟಳು. ನಾನು ಆ ವಾರ ರಜೆ ಹಾಕಿ ಊರಿಗೆ ಹೋದೆ. ನೀವು ಆ ವಾರ ಈ ಕಾರ್ಯಕ್ರಮದಲ್ಲಿ ಬೇರೆ ಮುಖ ನೋಡಿದ್ದು ಅದಕ್ಕೇ. ಅವಳು ನಾಲ್ಕು ದಿನ ತವರಿನಲ್ಲಿದ್ದು, ಕೈತುಂಬ ಬಳೆ ಹಾಕ್ಕೊಂಡು, ಬತ್ತಾಸು, ಕಡ್ಲೆಪುರಿ ಕಟ್ಕೊಂಡು ಬಂದಳು. ಆ ಹಾಳೆ ಈಗಲೂ ಅಡುಗೆಮನೆ ಗೋಡೆ ಮೇಲಿದೆ. ಈಗ ಐದು ತಲೆಯಲ್ಲಿದೆ ಆ ಲೆಕ್ಕ.

ಎಲ್ಲಾ ದಿನವೂ ನಗುವ ದಿನ ಅಂತ ನಾನು ಹೇಳ್ತಿಲ್ಲ. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಅಪ್ಪನ ಮೈಯಲ್ಲಿ ಜೀವವೇ ಇರಲ್ಲ, ಬಟ್ಟೆ ಹಿಂಡಿದ ಹಾಗೆ ಮಲಗಿಬಿಡ್ತಾರೆ. ಅವತ್ತು ಟಿವಿ ಕೂಡ ಹಾಕಲ್ಲ, ನನ್ನ ಕಾರ್ಯಕ್ರಮ ಸೇರಿ. ಮಂಗಳವಾರ ಗುರುವಾರ ಅವರ ಒಳ್ಳೆ ದಿನಗಳು. ನೆಂಟರನ್ನ ಕರೆಯೋದು, ಕೇಕು, ಗಲಾಟೆ ಎಲ್ಲ ಆ ದಿನಗಳಿಗೆ. ಹುಟ್ಟುಹಬ್ಬ ಬುಧವಾರ ಬಂದ್ರೆ ಗುರುವಾರ ಮಾಡ್ತೀವಿ. ಮಗುವಿಗೆ ಕೇಕ್ ಮುಖ್ಯ, ಪಂಚಾಂಗ ಅಲ್ಲ.

ಹೋದ ವಾರ ಒಬ್ಬ ಹುಡುಗ ಪತ್ರ ಬರೆದಿದ್ದ. ಅವನಿಂದಲೇ ಇವತ್ತು ಈ ಮಾತು ಬಂದಿದ್ದು. ಅಮ್ಮನಿಗೆ ಸ್ತನ ಕ್ಯಾನ್ಸರ್, ಮೂರು ವಾರಕ್ಕೊಮ್ಮೆ ಕೀಮೋ. ಕಾಲೇಜು ಗೆಳೆಯರೆಲ್ಲ ಸೇರಿ ಗೋಕರ್ಣಕ್ಕೆ ನಾಲ್ಕು ದಿನ ಹೊರಟಿದ್ದಾರೆ. "ಸರ್, ಅಮ್ಮ ಹೋಗು ಅಂತಿದ್ದಾರೆ, ಚಿಕ್ಕಮ್ಮ ನಾಚಿಕೆ ಆಗಲ್ವಾ ಅಂತಿದ್ದಾರೆ, ಹೋಗ್ಲಾ ಬೇಡ್ವಾ?" ಅಂತ ಕೇಳಿದ್ದಾನೆ.

ತಮ್ಮಾ, ನಾಚಿಕೆ ಪ್ರಶ್ನೆ ಪಕ್ಕಕ್ಕಿಡು. ಕ್ಯಾಲೆಂಡರ್ ತಗೋ. ಕೀಮೋ ಆದ ಸುಮಾರು ಏಳರಿಂದ ಹದಿನಾಲ್ಕನೇ ದಿನದ ಒಳಗೆ ಸಾಮಾನ್ಯವಾಗಿ ರಕ್ತದಲ್ಲಿ ಬಿಳಿ ಕಣ ತೀರಾ ಇಳಿಯುತ್ತೆ. ಆಗ 100.4 ಡಿಗ್ರಿ ಜ್ವರ ಬಂತು ಅಂದ್ರೆ ಅದು ಎಮರ್ಜೆನ್ಸಿ. ರಾತ್ರಿ ಎರಡು ಗಂಟೆ ಆದ್ರೂ ಆಸ್ಪತ್ರೆಗೆ ಹೋಗಬೇಕು, ಕ್ರೋಸಿನ್ ಕೊಟ್ಟು ಬೆಳಗಾಗಲಿ ಅನ್ನೋ ಹಾಗಿಲ್ಲ. ನಿನ್ನ ಟಿಕೆಟ್ ಆ ವಾರದಲ್ಲಿದ್ರೆ, ಮನೆಯಲ್ಲಿ ಗಾಡಿ ಓಡಿಸೋನು ನೀನೊಬ್ಬನೇ ಆಗಿದ್ರೆ, ಹೋಗಬೇಡ. ಮೂರನೇ ವಾರಕ್ಕೆ ಹಾಕ್ಕೊಳ್ಳೋಕೆ ಗೆಳೆಯರನ್ನ ಕೇಳು. ಹೋಗೋ ಮುಂಚೆ ಅಮ್ಮನ ಡಾಕ್ಟರಿಗೆ ಒಂದು ಮಾತು ಕೇಳು. ಥರ್ಮಾಮೀಟರ್ ಎಲ್ಲಿದೆ, ಆಸ್ಪತ್ರೆ ನಂಬರ್ ಯಾವುದು, ರಾತ್ರಿ ಯಾರು ಕಾರು ತೆಗೀತಾರೆ ಅಂತ ಬರೆದು ಫ್ರಿಡ್ಜ್ ಮೇಲೆ ಅಂಟಿಸು. ಆ ರಾತ್ರಿ ಕಾರು ತೆಗೆಯೋರ ಜಾಗದಲ್ಲಿ ಚಿಕ್ಕಮ್ಮನ ಹೆಸರು ಬರಿ.

ಗೋಕರ್ಣದಿಂದ ಅಮ್ಮನಿಗೆ ದಿನಕ್ಕೊಂದು ಸಲ ಫೋನ್ ಮಾಡು. ಹುಷಾರಾಗಿದೀಯಾ ಅಂತ ಮಾತ್ರ ಕೇಳಬೇಡ, ಅದನ್ನ ಎಲ್ಲರೂ ಕೇಳ್ತಿರ್ತಾರೆ. ಸಮುದ್ರ ಹೇಗಿತ್ತು, ಯಾರು ಬಿದ್ದರು, ಎಲ್ಲಿ ಮೀನು ಚೆನ್ನಾಗಿತ್ತು, ಅದನ್ನ ಹೇಳು.